ನೆರವು, ನೆರವಿ, ನಾರ್ವೆ

ಕನ್ನಡ ಪತ್ರಿಕೆಗಳಿಗೆ ‘ನೆರವು’ ಎಂಬ ಪದದ ಮೇಲೆ ವಿಶೇಷ ಅಕ್ಕರೆ. ಮೂರೇ ಅಕ್ಷರ, ಒತ್ತಿಲ್ಲ, ದೀರ್ಘವಿಲ್ಲ. ಎಷ್ಟೇ ಇಕ್ಕಟ್ಟಿನ ತಲೆಬರಹದಲ್ಲೂ ಹಿಡಿಸುತ್ತದೆ. ಬರಕ್ಕೆ ಕೇಂದ್ರದ ನೆರವು, ನೇಕಾರರಿಗೆ ನೆರವು, ವಿಶ್ವಬ್ಯಾಂಕ್ ನೆರವು, ಉಕ್ರೇನಿಗೆ ಸೇನಾ ನೆರವು. ಮನೆಯೊಳಗೆ ಮಾತ್ರ ಈ ಪದಕ್ಕೆ ಅಷ್ಟು ಓಡಾಟವಿಲ್ಲ. ತುಂಬಿದ ಕೊಡ ಇಳಿಸಬೇಕಾದಾಗ ‘ಸ್ವಲ್ಪ ನೆರವು ಕೊಡೇ’ ಎಂದು ಯಾವ ಹೆಂಗಸೂ ಕೇಳುವುದಿಲ್ಲ. ‘ಒಂದು ಕೈ ಹಾಕು’ ಅನ್ನುತ್ತಾಳೆ, ‘ಸಹಾಯ ಮಾಡು’ ಅನ್ನುತ್ತಾಳೆ, ಈಚೆಗೆ ‘ಹೆಲ್ಪ್ ಮಾಡು’ ಅಂತಲೂ ಅನ್ನುತ್ತಾಳೆ. ಸಂಸ್ಕೃತದಿಂದ ಬಂದ ಸಹಾಯ ಅಡುಗೆಮನೆಯವರೆಗೂ ನಡೆದುಬಿಟ್ಟಿದೆ. ಅಚ್ಚಗನ್ನಡದ ನೆರವು ಸರ್ಕಾರಿ ಕಚೇರಿಯ ಜಗಲಿಯಲ್ಲೇ ಕೂತಿದೆ. ಪದಗಳ ಲೋಕದಲ್ಲಿ ಇಂಥ ಅದಲುಬದಲು ಹೊಸದೇನಲ್ಲ. ಆದರೂ ನೆರವಿನ ಹೆಜ್ಜೆ ಹಿಡಿದು ಹೊರಟರೆ ದಾರಿ ವೇಮುಲವಾಡದಿಂದ ಶುರುವಾಗಿ ನಾರ್ವೆಯವರೆಗೆ ಹೋಗುತ್ತದೆ, ನಡುವೆ ಕಾರವಾರದ ಕಡಲಂಚನ್ನೂ ತಾಗುತ್ತದೆ.

ಮೊದಲು ಬಳಗದ ಪರಿಚಯ. ಕಿಟೆಲ್ ಅವರ 1894ರ ನಿಘಂಟನ್ನು ತೆರೆದರೆ ಈ ಪದದ ಅಕ್ಕಪಕ್ಕ ಒಂದು ದೊಡ್ಡ ಕುಟುಂಬವೇ ಕೂತಿರುತ್ತದೆ. ನೆರೆ ಎಂದರೆ ಕೂಡು, ಒಟ್ಟಾಗು. ನೆರವಿ ಎಂದರೆ ಗುಂಪು, ಜನ ಸೇರಿದ ಕೂಟ. ನೆರಪು ಎಂದರೆ ಒಟ್ಟುಗೂಡಿಸು. ನೆರೆಯವನು, ನೆರೆಹೊರೆ ಈಗಲೂ ಬದುಕಿವೆ. ‘ಜಾತ್ರೆಗೆ ಜನ ನೆರೆದಿದ್ದರು’ ಎಂದು ಈಗಲೂ ಬರೆಯುತ್ತೇವೆ. ನೆರ ಎಂದರೆ ಸಹಾಯ, ಅದಕ್ಕೆ ಬಾಲ ಸೇರಿ ನೆರವು. ಇದರ ಪಕ್ಕದಲ್ಲೇ ಇನ್ನೊಂದು ನೆರೆಯೂ ಇದೆ. ಹಳಗನ್ನಡದಲ್ಲಿ ಅದನ್ನು ಶಕಟರೇಫ ಹಾಕಿ ‘ನೆಱೆ’ ಎಂದು ಬರೆಯುತ್ತಿದ್ದರು. ಅದಕ್ಕೆ ತುಂಬು, ಪೂರ್ಣವಾಗು ಎಂಬ ಅರ್ಥ. ಹುಡುಗಿ ಮೈನೆರೆಯುವುದು ಆ ನೆಱೆಯಿಂದ. ಕನ್ನಡ ಆ ಅಕ್ಷರವನ್ನು ಕೈಬಿಟ್ಟ ಮೇಲೆ ಎರಡೂ ಒಂದೇ ಮುಖದವಾಗಿ ಬೆರೆತುಹೋದವು. ನಮ್ಮ ಪದ ಕೂಡುವ ನೆರೆಯ ಕಡೆಯದೆಂದೇ ನನಗೆ ಕಾಣುತ್ತದೆ. ಅಂದರೆ ಹತ್ತಿರ ಇರುವುದು, ಬಂದು ಸೇರುವುದು, ಪಕ್ಕದಲ್ಲಿ ನಿಲ್ಲುವುದು ಈ ಪದದ ಹುಟ್ಟುಗುಣ. ಕೊಡುವವನು ಎತ್ತರದಲ್ಲಿ, ತೆಗೆದುಕೊಳ್ಳುವವನು ತಗ್ಗಿನಲ್ಲಿ ಎಂಬ ಚಿತ್ರ ಅದರಲ್ಲಿಲ್ಲ.

ಆ ಚಿತ್ರ ಹಳೆಯ ರಾಜಕಾರಣದಲ್ಲೂ ಇರಲಿಲ್ಲ. ಹತ್ತನೆಯ ಶತಮಾನದ ದಖ್ಖನಿನಲ್ಲಿ ನೆರವು ಎಂದರೆ ಮುಖ್ಯವಾಗಿ ದಂಡು. ಅದು ಹರಿಯುತ್ತಿದ್ದದ್ದು ಸಣ್ಣವನಿಂದ ದೊಡ್ಡವನ ಕಡೆಗೆ, ಸಾಮಂತನಿಂದ ಚಕ್ರವರ್ತಿಯ ಕಡೆಗೆ. ಪಂಪನ ಆಶ್ರಯದಾತ ಅರಿಕೇಸರಿ ವೇಮುಲವಾಡದ ಚಾಳುಕ್ಯ, ರಾಷ್ಟ್ರಕೂಟರ ಕೈಕೆಳಗಿನ ಸಣ್ಣ ಅರಸು. ಚಕ್ರವರ್ತಿ ನಾಲ್ವಡಿ ಗೋವಿಂದನಿಗೆ ಹೆದರಿ ಓಡಿಬಂದ ವಿಜಯಾದಿತ್ಯನಿಗೆ ಆಸರೆ ಕೊಟ್ಟ. ಒಪ್ಪಿಸು ಎಂದಾಗ ಒಪ್ಪಿಸಲಿಲ್ಲ. ಸಾಮಂತರು ಒಟ್ಟಾಗಿ ಗೋವಿಂದನನ್ನು ಇಳಿಸಿ ಬದ್ದೆಗನನ್ನು, ಅಂದರೆ ಮೂರನೆಯ ಅಮೋಘವರ್ಷನನ್ನು, ಪಟ್ಟಕ್ಕೆ ತಂದಾಗ ಆ ಗುಂಪಿನ ಮುಂದೆ ನಿಂತವನೂ ಇವನೇ. ಕ್ರಿ.ಶ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪ ತನ್ನ ಒಡೆಯನನ್ನು ಅರ್ಜುನನಿಗೆ ಸಮ ಮಾಡಿ ಹೊಗಳುವುದರ ಹಿಂದೆ ಈ ಪ್ರಸಂಗವೂ ಇದೆ. ಇನ್ನೊಬ್ಬ ಗಂಗರ ಬೂತುಗ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಕದಲ್ಲಿ ನಿಂತು ಚೋಳ ರಾಜಾದಿತ್ಯನನ್ನು ಕೊಂದ. ಮದ್ದೂರು ತಾಲ್ಲೂಕಿನ ಆತಕೂರು ಶಾಸನದ ಪ್ರಕಾರ ಅದಕ್ಕೆ ಮೆಚ್ಚಿ ಕೃಷ್ಣ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇಷ್ಟನ್ನೂ ಕೊಟ್ಟ. ಅದೇ ಶಾಸನದಲ್ಲಿ ಬೂತುಗನ ಕಡೆಯ ವೀರ ಮಣಲೇರ ತನಗೆ ಬೇಕಾದದ್ದು ಕಾಳಿ ಎಂಬ ಬೇಟೆನಾಯಿ ಎಂದು ಕೇಳಿ ಪಡೆದ ಕತೆಯಿದೆ. ಹಂದಿಯ ಜೊತೆ ಸೆಣಸಿ ಸತ್ತ ಆ ನಾಯಿಯನ್ನು ಎಲ್ಲರೂ ಬಲ್ಲರು, ತಕ್ಕೋಲದ ಲೆಕ್ಕವನ್ನು ಅಷ್ಟು ಜನ ನೆನಪಿಡುವುದಿಲ್ಲ. ನೆರವು ಮೇಲಕ್ಕೆ ಹೋಯಿತು, ನಾಡು ಕೆಳಕ್ಕೆ ಬಂತು. ಕೊಟ್ಟದ್ದಕ್ಕೆ ಸಿಕ್ಕ ನಿಜವಾದ ಪ್ರತಿಫಲ ನಾಡಿಗಿಂತ ದೊಡ್ಡದು: ಚಕ್ರವರ್ತಿಯ ಒಡ್ಡೋಲಗದ ನೆರವಿಯಲ್ಲಿ ಕೂರುವ ಜಾಗ.

ಇಂಗ್ಲಿಷಿನ ‘ಏಡ್’ ಪದದ ಜಾತಕವೂ ಹೀಗೆಯೇ ಇದೆ ಎಂದು ತಿಳಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಲ್ಯಾಟಿನಿನಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಆ ಪದಕ್ಕೆ ಮಧ್ಯಯುಗದ ಕಾನೂನಿನಲ್ಲಿ ಖಚಿತ ಅರ್ಥವಿತ್ತು: ಊಳಿಗಮಾನ್ಯದ ಕೆಳಗಿನವನು ಒಡೆಯನಿಗೆ ತೆರಬೇಕಾದ ಹಣ. ಒಡೆಯ ಸೆರೆಸಿಕ್ಕರೆ ಬಿಡಿಸಿಕೊಳ್ಳಲು, ಹಿರಿಮಗನನ್ನು ನೈಟ್ ಮಾಡಲು, ಹಿರಿಮಗಳ ಮದುವೆಗೆ, ಈ ಮೂರು ಸಂದರ್ಭಕ್ಕೆ. 1215ರ ಮ್ಯಾಗ್ನಾ ಕಾರ್ಟಾದ 12ನೆಯ ಕಲಮು ಈ ಮೂರನ್ನು ಬಿಟ್ಟು ಬೇರೆ ಯಾವ ಏಡನ್ನೂ ರಾಜ್ಯದ ಒಪ್ಪಿಗೆಯಿಲ್ಲದೆ ದೊರೆ ಎತ್ತುವಂತಿಲ್ಲ ಎಂದು ಕಟ್ಟು ಹಾಕಿತು. ಶ್ರೀಮಂತ ದೇಶ ಬಡ ದೇಶಕ್ಕೆ ಕೊಡುವುದು ಎಂಬ ಅರ್ಥ ಬಂದದ್ದು ಬಹಳ ಈಚೆಗೆ, ಎರಡನೆಯ ಮಹಾಯುದ್ಧದ ಹೊತ್ತಿಗೆ. ಮಿತ್ರಪಕ್ಷಗಳ ನಡುವೆ ಹಡಗು, ಗೋಧಿ, ಮದ್ದುಗುಂಡುಗಳ ಕೊಡುಕೊಳೆ ನಡೆದಾಗ ಹಳೆಯ ಪದಕ್ಕೆ ಮತ್ತೆ ಕೆಲಸ ಸಿಕ್ಕಿತು. ಯುದ್ಧ ಮುಗಿದ ಮೇಲೆ ಅಮೆರಿಕದ ಮಾರ್ಷಲ್ ಯೋಜನೆ ಬಂತು, 1949ರಲ್ಲಿ ಅಧ್ಯಕ್ಷ ಟ್ರೂಮನ್ ಹಿಂದುಳಿದ ದೇಶಗಳಿಗೆ ತಾಂತ್ರಿಕ ನೆರವಿನ ಮಾತಾಡಿದರು, ಹರಿವಿನ ದಿಕ್ಕು ತಿರುಗಿತು.

ಕನ್ನಡದ ನೆರವು ಪತ್ರಿಕೆಯ ಪದವಾಗಿ ನೆಲೆಯೂರಿದ್ದು ಈ ತಿರುಗಿದ ಹರಿವಿನಲ್ಲಿ. ವಿದೇಶಿ ನೆರವು, ಆಹಾರ ನೆರವು, ತಾಂತ್ರಿಕ ನೆರವು. ಐವತ್ತರ, ಅರವತ್ತರ ದಶಕಗಳಲ್ಲಿ ಅಮೆರಿಕದ ಗೋಧಿ ಹಡಗುಗಳಲ್ಲಿ ಬರುತ್ತಿತ್ತು. ಶಾಲೆಗಳಲ್ಲಿ ಬಯಲುಸೀಮೆಯ ಮಕ್ಕಳು ಅದರ ಉಪ್ಪಿಟ್ಟು ತಿಂದರು, ಕರಾವಳಿಯ ಮಕ್ಕಳು ಸಜ್ಜಿಗೆ ಅಂದರು, ಹಾಲಿನ ಪುಡಿಯನ್ನು ಅಂಗೈಯಿಂದಲೇ ನೆಕ್ಕಿದರು. ತಿಂದವರ ಬಾಯಲ್ಲಿ ಅದು ಯಾವತ್ತೂ ನೆರವು ಆಗಲಿಲ್ಲ, ಅಮೆರಿಕನ್ ಗೋಧಿಯೇ ಆಗಿತ್ತು. ಇನ್ನು ಕೊಡುವ ದೇಶಕ್ಕೆ ನಾವು ಹುಡುಕಿಕೊಂಡ ಹೆಸರು ‘ದಾನಿ ರಾಷ್ಟ್ರ’. ಇದು ನನಗೆ ಸ್ವಲ್ಪ ಕಿರಿಕಿರಿ ಮಾಡುವ ಪದ. ದಾನಕ್ಕೆ ಪುಣ್ಯದ ಲೆಕ್ಕವಿದೆ, ಪಾತ್ರಾಪಾತ್ರದ ವಿಚಾರವಿದೆ. ದಾನಚಿಂತಾಮಣಿ ಎನಿಸಿಕೊಂಡ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದಾಗ ಪಡೆದವರಿಂದ ಅವಳಿಗೆ ಮತ ಬೇಕಿರಲಿಲ್ಲ, ಟೆಂಡರು ಬೇಕಿರಲಿಲ್ಲ. ಕೊಡುವುದು ನೆರವು, ಕೊಟ್ಟವನು ದಾನಿ: ಒಂದೇ ವಾಕ್ಯದೊಳಗೆ ಎರಡು ಬೇರೆ ನೀತಿಗಳನ್ನು ಕೂಡಿಸಿ ಅರವತ್ತು ಎಪ್ಪತ್ತು ವರ್ಷಗಳಿಂದ ನಿಶ್ಚಿಂತೆಯಾಗಿ ಬರೆಯುತ್ತಿದ್ದೇವೆ.

ದೊಡ್ಡ ದೇಶದ ನೆರವನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಸಾಮ್ರಾಜ್ಯಕ್ಕೆ ಮಿತ್ರರು ಬೇಕು, ಮಾರುಕಟ್ಟೆ ಬೇಕು, ಗೋದಾಮಿನಲ್ಲಿ ಹೆಚ್ಚಾದ ಗೋಧಿ ಖಾಲಿಯಾಗಬೇಕು. ಸಣ್ಣ ದೇಶ ಯಾಕೆ ಕೊಡುತ್ತದೆ? ಇದಕ್ಕೆ ನಾರ್ವೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ, ಯಾಕೆಂದರೆ ನಾರ್ವೆಯ ಮೊಟ್ಟಮೊದಲ ನೆರವು ಯೋಜನೆ ಇಳಿದದ್ದು ನಮ್ಮ ಪಕ್ಕದ ಕೇರಳದ ದಂಡೆಗೆ.

1952ರ ನಾರ್ವೆಯನ್ನು ಇವತ್ತಿನ ನಾರ್ವೆಯ ಜೊತೆ ಕಲಸಬಾರದು. ಉತ್ತರ ಸಮುದ್ರದ ಎಣ್ಣೆ ಸಿಕ್ಕಿದ್ದು 1969ರ ಕೊನೆಗೆ. ಅದಕ್ಕಿನ್ನೂ ಹದಿನೇಳು ವರ್ಷ ಬಾಕಿ. ಸುಮಾರು 33 ಲಕ್ಷ ಜನ, ಐದು ವರ್ಷದ ಜರ್ಮನ್ ಆಕ್ರಮಣದಿಂದ ಎದ್ದವರು, ಉತ್ತರದ ಫಿನ್‌ಮಾರ್ಕಿನ ಊರುಗಳನ್ನು ಜರ್ಮನ್ನರು ಸುಟ್ಟು ಬೂದಿ ಮಾಡಿ ಹೋಗಿದ್ದರು. ದೇಶ ತಾನೇ ಮಾರ್ಷಲ್ ಹಣ ಪಡೆಯುತ್ತಿತ್ತು. ಜನಸಾಮಾನ್ಯ ಒಂದು ಕಾರು ಕೊಳ್ಳಬೇಕಾದರೆ ಪರವಾನಗಿ ಬೇಕಿತ್ತು. ಆ ನಿರ್ಬಂಧ ಹೋದದ್ದು 1960ರಲ್ಲಿ. ಅಂಥ ಹೊತ್ತಿನಲ್ಲಿ ಅಲ್ಲಿನ ಸಂಸತ್ತು ಹಿಂದುಳಿದ ದೇಶಗಳ ನೆರವಿಗೆ ಒಂದು ನಿಧಿ ತೆರೆದು ಒಂದು ಕೋಟಿ ಕ್ರೋನರ್ ಇಟ್ಟಿತು. ಮೊದಲ ಫಲಾನುಭವಿ ಭಾರತವಾದ್ದರಿಂದ ಜನ ಅದನ್ನು ಭಾರತ ನಿಧಿ ಎಂದೇ ಕರೆದರು.

ಮೂರು ವರ್ಷದ ಹಿಂದೆ, 1949ರ ಏಪ್ರಿಲ್‌ನಲ್ಲಿ, ನಾರ್ವೆ ನೇಟೋ ಕೂಟದ ಸ್ಥಾಪಕ ಸದಸ್ಯನಾಗಿ ಸಹಿ ಹಾಕಿತ್ತು. ಸೋವಿಯತ್ ಗಡಿಯನ್ನು ಹಂಚಿಕೊಂಡ ದೇಶ ಅಮೆರಿಕದ ಮಗ್ಗುಲಿಗೆ ಸರಿದದ್ದು ಆಳುವ ಲೇಬರ್ ಪಕ್ಷದೊಳಗೆ ಎಲ್ಲರಿಗೂ ರುಚಿಸಿರಲಿಲ್ಲ. ಕೊರಿಯಾ ಯುದ್ಧ ಶುರುವಾದ ಮೇಲೆ ರಕ್ಷಣಾ ವೆಚ್ಚ ಏರಿತು, ಎಡಪಂಥೀಯರ ಗೊಣಗಾಟವೂ ಏರಿತು. ಬಂದೂಕಿಗೇ ಎಲ್ಲ ಹಣ ಸುರಿಯುತ್ತೀರಾ, ಶಾಂತಿಗೆ ಏನು ಕೊಡುತ್ತೀರಿ? ಭಾರತ ನಿಧಿ ಈ ಪ್ರಶ್ನೆಗೆ ಸರ್ಕಾರ ಕಂಡುಕೊಂಡ ಉತ್ತರವೂ ಹೌದು ಎಂದು ನಾರ್ವೆಯ ಇತಿಹಾಸಕಾರರೇ ಬರೆದಿದ್ದಾರೆ. ಭಾರತವನ್ನು ಆರಿಸಿದ್ದರಲ್ಲೂ ಜಾಣತನವಿತ್ತು: ನೆಹರೂ ಯಾವ ಬಣಕ್ಕೂ ಸೇರದವರು, ಹೊಸ ಪ್ರಜಾಪ್ರಭುತ್ವದ ನಾಯಕರು, ಸಮಾಜವಾದಿ ಮನಸ್ಸಿನವರು. ಇವರಿಗೆ ಕೊಟ್ಟರೆ ಪಕ್ಷದ ಎಡಗಡೆಯವರು ಬೇಡ ಅನ್ನುವಂತಿಲ್ಲ, ವಾಷಿಂಗ್ಟನ್ನಿನವರು ಬೇಸರಪಡುವಂತಿಲ್ಲ. ಹೀಗೆಂದ ಮಾತ್ರಕ್ಕೆ ಕಳಕಳಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಬೂತುಗನಿಗೂ ಕೃಷ್ಣನ ಮೇಲೆ ನಿಜವಾದ ವಿಶ್ವಾಸವಿದ್ದಿರಬಹುದು, ಬನವಾಸಿಯೂ ಬೇಕಿತ್ತು. ನಾರ್ವೆಗೆ ಬೇಕಿದ್ದದ್ದು ನಾಡಲ್ಲ. ದೊಡ್ಡವರ ಕೂಟದಲ್ಲಿ ಸೇನೆಯ ಲೆಕ್ಕಕ್ಕೆ ಬಾರದ ದೇಶ, ಬೇರೆ ಯಾವ ಲೆಕ್ಕದಲ್ಲಿ ತನ್ನ ಹೆಸರು ಬರೆಸಬಹುದೆಂದು ಹುಡುಕುತ್ತಿತ್ತು.

ವಿಶ್ವಸಂಸ್ಥೆ, ಭಾರತ, ನಾರ್ವೆ ಈ ಮೂವರ ನಡುವಿನ ಒಪ್ಪಂದ 1952ರ ಅಕ್ಟೋಬರಿನಲ್ಲಿ ಆಯಿತು. ಮರುವರ್ಷ ಕೆಲಸ ಶುರು. ಜಾಗ: ಆಗಿನ ತಿರುವಾಂಕೂರು-ಕೊಚ್ಚಿ ರಾಜ್ಯದ ಕೊಲ್ಲಂ ಹತ್ತಿರ, ಅಷ್ಟಮುಡಿ ಹಿನ್ನೀರು ಕಡಲು ಸೇರುವ ಅಳಿವೆಯ ಎರಡು ದಡ. ಶಕ್ತಿಕುಳಂಗರ, ನೀಂಡಕರ, ಪುತ್ತನ್‌ತುರ. ನಾರ್ವೆಯವರಿಗೆ ಗೊತ್ತಿದ್ದದ್ದು ಮೀನು ಮತ್ತು ದೋಣಿ, ಗೊತ್ತಿದ್ದದ್ದನ್ನೇ ಕೊಟ್ಟರು. ಎಂಜಿನ್ ದೋಣಿ, ನೈಲಾನ್ ಬಲೆ, ಐಸ್ ಕಾರ್ಖಾನೆ, ಜೊತೆಗೆ ಆಸ್ಪತ್ರೆ ಮತ್ತು ಕುಡಿಯುವ ನೀರಿನ ನಳ. ಉದ್ದೇಶ ಸರಳವಾಗಿತ್ತು: ಬಡ ಮೀನುಗಾರ ಹೆಚ್ಚು ಮೀನು ಹಿಡಿಯಲಿ, ಸುತ್ತಲ ಊರಿನವರು ಅಗ್ಗಕ್ಕೆ ತಿನ್ನಲಿ, ಮಕ್ಕಳ ಆರೋಗ್ಯ ಸುಧಾರಿಸಲಿ. ದಡಕ್ಕೆ ಎಳೆಯಬಹುದಾದ ದೋಣಿಗೆ ಎಂಜಿನ್ ಕೂರಿಸಲು ಹೋಗಿ ಅಲೆಯ ಹೊಡೆತಕ್ಕೆ ಅದು ತಾಳದೆ, ಅಳಿವೆಯೊಳಗೆ ನಿಲ್ಲಿಸುವ ದೊಡ್ಡ ದೋಣಿಗೆ ಬರಬೇಕಾಯಿತು.

ಆಮೇಲೆ ಬಂದದ್ದು ಸಿಗಡಿ. ಅದೇ 1953ರಲ್ಲಿ ಕೊಚ್ಚಿಯ ಖಾಸಗಿ ವ್ಯಾಪಾರಿಗಳು ಹಿಮಗಟ್ಟಿಸಿದ ಸಿಗಡಿಯನ್ನು ಅಮೆರಿಕಕ್ಕೆ ಕಳಿಸಲು ಶುರುಮಾಡಿದ್ದರು. ಅರವತ್ತರ ದಶಕಕ್ಕೆ ಸಿಗಡಿಯ ಬೆಲೆ ಎಷ್ಟು ಏರಿತೆಂದರೆ ನಾರ್ವೆಯ ಎಂಜಿನ್, ಐಸು, ಬಂದರು ಎಲ್ಲವೂ ಅದರ ಹಿಂದೆ ಓಡಿದವು. ಸಮುದ್ರತಳ ಗೋರುವ ಟ್ರಾಲ್ ಬಲೆ ಬಂತು. ಊರಿನ ಹೊಟ್ಟೆಗೆ ಎಂದು ಶುರುವಾದ ಯೋಜನೆ ಪರದೇಶದ ತಟ್ಟೆಗೆ ಸಿಗಡಿ ಬಡಿಸಿತು. ಶಕ್ತಿಕುಳಂಗರದ ಕ್ರೈಸ್ತ ಮೀನುಗಾರರು ಯಂತ್ರಕ್ಕೆ ಬೇಗ ಒಗ್ಗಿದರು, ಅಳಿವೆಯ ಆಚೆ ದಡದ ಹಿಂದೂ ಅರಯರು ಹಿಂದೆ ಉಳಿದರು. ದೋಣಿ ಕೊಂಡವನಿಗೂ ಕೂಲಿಗೆ ಹೋದವನಿಗೂ ನಡುವೆ ಅಂತರ ಬೆಳೆಯಿತು. ಇದನ್ನೆಲ್ಲ ಮೊದಲು ವಿವರವಾಗಿ ಬರೆದವರೂ ನಾರ್ವೆಯವರೇ. ಮಾನವಶಾಸ್ತ್ರಜ್ಞ ಆರ್ನೆ ಮಾರ್ಟಿನ್ ಕ್ಲಾಸೆನ್ ಆ ಹಳ್ಳಿಗಳ ಬಗ್ಗೆ 1968ರಲ್ಲಿ ಪುಸ್ತಕ ತಂದರು. ಶಾಂತಿ ಸಂಶೋಧಕ ಯೋಹಾನ್ ಗಾಲ್ಟುಂಗ್ ಇದು ಮೇಲಿನಿಂದ ಹೇರಿದ ಅಭಿವೃದ್ಧಿ ಎಂದು ಟೀಕಿಸಿದರು. ಕೇರಳದ ಅರ್ಥಶಾಸ್ತ್ರಜ್ಞ ಜಾನ್ ಕುರಿಯನ್ 1985ರಲ್ಲಿ ಮತ್ತೆ ಲೆಕ್ಕ ತೆಗೆದರು. ಸಣ್ಣ ಕೊಡುಗೈಗೆ ಒಂದು ಒಳ್ಳೆಯ ಚಾಳಿ ಇರುತ್ತದೆ: ಇರುವುದು ಒಂದೋ ಎರಡೋ ಯೋಜನೆ, ಹಾಗಾಗಿ ಅದನ್ನು ತಿರುವಿ ಮುರುವಿ ನೋಡುತ್ತದೆ. ಅಮೆರಿಕದ ಸಾವಿರ ಯೋಜನೆಗಳಲ್ಲಿ ಒಂದು ಕೆಟ್ಟರೆ ಅದು ಕಡತದೊಳಗೇ ಸಾಯುತ್ತದೆ. ನೀಂಡಕರ ನಾರ್ವೆಯ ಶಾಲಾಪಾಠದಂತಾಯಿತು.

ಅರವತ್ತರ ದಶಕದಲ್ಲಿ ಯೋಜನೆ ಕೊಚ್ಚಿ, ಕಣ್ಣೂರು, ಮಂಡಪಂಗಳ ಜೊತೆ ನಮ್ಮ ಕಾರವಾರಕ್ಕೂ ಚಾಚಿತು. 1972ರಲ್ಲಿ ನಾರ್ವೆ ಎಲ್ಲವನ್ನೂ ಭಾರತ ಸರ್ಕಾರಕ್ಕೆ ಒಪ್ಪಿಸಿ ಹೊರನಡೆಯಿತು. ಕಾರವಾರದಿಂದ ಮಂಗಳೂರಿನ ತನಕದ ಕರಾವಳಿಯಲ್ಲಿ ಆಗ ರಂಪಣಿಯ ಕಾಲ. ಮೈಲುದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಲ್ಲಿ ಅರೆವೃತ್ತ ಬಿಟ್ಟು, ಎರಡೂ ತುದಿಗಳನ್ನು ದಂಡೆಯಿಂದ ಹತ್ತಾರು ಜನ ಎಳೆಯುತ್ತಿದ್ದರು. ಬಂಗುಡೆ, ಭೂತಾಯಿಗಳ ರಾಶಿ ಬಂದ ದಿನ ಬಲೆಯ ಪಾಲುದಾರರಿಗೆ ಪಾಲು. ದಾರಿಹೋಕನಾಗಿ ಬಂದು ಹಗ್ಗಕ್ಕೆ ಕೈ ಕೊಟ್ಟವನಿಗೂ ಒಂದಷ್ಟು ಮೀನು. ನೆರೆ, ನೆರವಿ, ನೆರವು ಮೂರೂ ಒಂದೇ ಹಗ್ಗದ ಮೇಲೆ ಇದ್ದ ಕಸುಬು ಅದು. ಎಪ್ಪತ್ತರ ದಶಕದ ನಡುವೆ ಮಂಗಳೂರಿನ ಕಡೆ ಪರ್ಸೀನ್ ಬಲೆ ಬಂದು ಮೀನಿನ ಹಿಂಡನ್ನು ಕಡಲಿನ ನಡುವೆಯೇ ಸುತ್ತುಗಟ್ಟತೊಡಗಿದಾಗ ದಂಡೆಯಲ್ಲಿ ಕಾದವರಿಗೆ ಮೀನು ಬರಲಿಲ್ಲ. ರಂಪಣಿಯವರು ಪ್ರತಿಭಟಿಸಿದರು, ಜಗಳಗಳಾದವು, ಕೆಲವೇ ವರ್ಷಗಳಲ್ಲಿ ರಂಪಣಿ ಕಣ್ಮರೆಯಾಯಿತು. ಅದಕ್ಕೆ ನಾರ್ವೆಯನ್ನು ನೇರವಾಗಿ ದೂರುವುದು ಅನ್ಯಾಯ. ಯಂತ್ರದ ಮೀನುಗಾರಿಕೆ ಅಷ್ಟರಲ್ಲಿ ಬ್ಯಾಂಕ್ ಸಾಲದ, ಸರ್ಕಾರಿ ಸಬ್ಸಿಡಿಯ ಬಲದ ಮೇಲೆ ತಾನೇ ನಡೆಯುತ್ತಿತ್ತು.

ನಾರ್ವೆಯೊಂದೇ ಅಲ್ಲ. ಡೆನ್ಮಾರ್ಕಿನ ಕೆಂಪು ತಳಿಯ ಹಸುಗಳು ಹೆಸರಘಟ್ಟಕ್ಕೆ ಬಂದವು. ಅಲ್ಲಿನ ಹಿಮಗಟ್ಟಿದ ವೀರ್ಯ ಉತ್ಪಾದನೆಯ ಕೇಂದ್ರ 1969ರಲ್ಲಿ ಡೇನರ ನೆರವಿನಿಂದ ಶುರುವಾದದ್ದು. ನೆದರ್ಲೆಂಡ್ಸ್ ಎಂಬತ್ತರ ದಶಕದ ಕೊನೆಗೆ ಮಹಿಳಾ ಸಮಖ್ಯ ಎಂಬ ಹಳ್ಳಿ ಹೆಂಗಸರ ಸಂಘಟನೆಯ ಕಾರ್ಯಕ್ರಮಕ್ಕೆ ಹಣ ಕೊಟ್ಟಿತು. ಕರ್ನಾಟಕ, ಉತ್ತರ ಪ್ರದೇಶ, ಗುಜರಾತ್ ಈ ಮೂರು ರಾಜ್ಯಗಳಲ್ಲಿ ಅದು ಮೊದಲು ಕಾಲೂರಿತು. ಬೀದರ, ಬಿಜಾಪುರಗಳ ಹಳ್ಳಿಯ ಹೆಂಗಸರು ಸಂಘ ಕಟ್ಟಿ ಕೂತಾಗ ಅದರ ಹಿಂದೆ ಡಚ್ಚರ ದುಡ್ಡಿದೆ ಎಂಬುದು ಅವರಿಗೆ ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಈ ದೇಶಗಳೆಲ್ಲ ಒಂದೇ ಜಾತಿಯವು: ಸಣ್ಣವು, ಬಹುಪಾಲು ನೇಟೋದ ಒಳಗಿನವು, ಪ್ಯಾರಿಸ್ಸಿನಲ್ಲಿ 1961ರಿಂದ ಸೇರುತ್ತಿರುವ ಕೊಡುವವರ ಸಮಿತಿಯಲ್ಲಿ ತಮ್ಮ ಗಾತ್ರಕ್ಕಿಂತ ದೊಡ್ಡ ದನಿಯವು. ನಾರ್ವೆ ಆ ಸಮಿತಿ ಸೇರಿದ್ದು 1962ರಲ್ಲಿ.

ಅಲ್ಲಿ ಸಣ್ಣವರು ಒಂದು ಚತುರ ಕೆಲಸ ಮಾಡಿದರು. ಮೊತ್ತದ ಮಾತು ಬಿಟ್ಟು ಶೇಕಡಾದ ಮಾತು ಆಡಿದರು. 1970ರ ಅಕ್ಟೋಬರ್ 24ರಂದು ವಿಶ್ವಸಂಸ್ಥೆಯ ಮಹಾಸಭೆ ಶ್ರೀಮಂತ ದೇಶಗಳು ರಾಷ್ಟ್ರೀಯ ಆದಾಯದ ಶೇಕಡಾ 0.7ರಷ್ಟನ್ನು ನೆರವಿಗೆ ಇಡಬೇಕೆಂದು ಗುರಿ ಹಾಕಿತು. ಡಾಲರಿನ ಲೆಕ್ಕದಲ್ಲಿ ದಶಕಗಳ ಕಾಲ ಅಮೆರಿಕವೇ ಮೊದಲು. ಶೇಕಡಾ ಲೆಕ್ಕ ಹಿಡಿದರೆ ಅದು ಕಾಲು ಶೇಕಡಾದ ಆಸುಪಾಸಿನಲ್ಲಿ, ಪಟ್ಟಿಯ ಕೆಳಗೆ. ಸ್ವೀಡನ್, ನೆದರ್ಲೆಂಡ್ಸ್, ನಾರ್ವೆ, ಡೆನ್ಮಾರ್ಕ್ ಎಪ್ಪತ್ತರ ದಶಕದಲ್ಲೇ ಒಂದರ ಹಿಂದೊಂದು 0.7 ದಾಟಿದವು, ನಾರ್ವೆ ಬಹುಕಾಲದಿಂದ ಶೇಕಡಾ ಒಂದರ ಸುತ್ತಮುತ್ತ ನಿಂತಿದೆ. ಆರೇಳು ಲಕ್ಷ ಜನರ ಲಕ್ಸೆಂಬರ್ಗ್ ಕೂಡ ಅದೇ ಸಾಲಿನಲ್ಲಿದೆ. ದೊಡ್ಡವನು ತನ್ನ ಗಾತ್ರದಿಂದ ಗೆಲ್ಲುವ ಆಟವನ್ನು ಬಿಟ್ಟು, ಸಣ್ಣವನು ತಾನೇ ಗೆಲ್ಲಬಲ್ಲ ಅಳತೆಗೋಲನ್ನು ಕೂಟದ ಮೇಜಿನ ಮೇಲೆ ತಂದಿಟ್ಟ. ನೆರವಿಯಲ್ಲಿ ಜಾಗ ಗಳಿಸುವ ಕಲೆ ಎಂದರೆ ಇದೇ.

ಅವರ ಭಾಷೆಯಲ್ಲೂ ಪದ ಒಂದೇ ಕಡೆ ನಿಲ್ಲಲಿಲ್ಲ. 1952ರ ನಿಧಿಯ ಹೆಸರಿನಲ್ಲಿದ್ದದ್ದು ‘ಯೆಲ್ಪ್’, ಅಂದರೆ ಸಹಾಯ. 1962ರಲ್ಲಿ ಕಟ್ಟಿದ ನೆರವು ಸಂಸ್ಥೆಯ ಹೆಸರಲ್ಲೂ ಅದೇ ಇತ್ತು, 1968ರಲ್ಲಿ ಅದು ನೋರಾಡ್ ಆದಾಗಲೂ ಉಳಿಯಿತು. ಮುಂದೆ ‘ಯೆಲ್ಪ್’ನಲ್ಲಿ ಮೇಲಿನವನ ವಾಸನೆ ಬರತೊಡಗಿ, ಕೂಡಿ ದುಡಿಯುವುದು ಎಂಬ ಅರ್ಥದ ‘ಸಮಾರ್ಬೈಡ್’ ಆ ಜಾಗಕ್ಕೆ ಬಂತು. ದಿನಬಳಕೆಯಲ್ಲಿ ಗೆದ್ದದ್ದು ಮಾತ್ರ ಮೂರನೆಯದು: ‘ಬಿಸ್ತಾನ್’. ಬಿಡಿಸಿದರೆ ಪಕ್ಕದಲ್ಲಿ ನಿಲ್ಲುವುದು. ನಮ್ಮ ನೆರವಿಗೂ ಅದಕ್ಕೂ ಯಾವ ರಕ್ತಸಂಬಂಧವಿಲ್ಲ, ಆದರೂ ಎದುರುಬದುರಾದರೆ ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತವೆ.

ಪಕ್ಕದಲ್ಲಿ ನಿಲ್ಲಲು ಆಚೆಯವನೂ ಒಪ್ಪಬೇಕು. 1998ರ ಮೇ ತಿಂಗಳಲ್ಲಿ ಭಾರತ ಪೋಖ್ರಾನ್‌ನಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದಾಗ ಅಮೆರಿಕ, ಜಪಾನ್‌ಗಳ ಜೊತೆ ನಾರ್ಡಿಕ್ ದೇಶಗಳೂ ನೆರವಿಗೆ ಕತ್ತರಿ ಹಾಕಿದವು. ದೆಹಲಿಗೆ ದೊಡ್ಡವರ ಸಿಟ್ಟು ಅರ್ಥವಾಯಿತು; ಸಣ್ಣವರ ಉಪದೇಶ ಹಿಡಿಸಲಿಲ್ಲ. 2003ರಲ್ಲಿ ಅರ್ಥ ಸಚಿವ ಜಸ್ವಂತ್ ಸಿಂಗ್ ಬಜೆಟ್ ಭಾಷಣದಲ್ಲಿ ಹೊಸ ನೀತಿಯ ಸುಳಿವು ಕೊಟ್ಟರು. ಆ ವರ್ಷವೇ ಅದು ಖಚಿತವಾಯಿತು. ಇನ್ನು ಮುಂದೆ ಸರ್ಕಾರದಿಂದ ಸರ್ಕಾರಕ್ಕೆ ಬರುವ ನೆರವನ್ನು ಅಮೆರಿಕ, ಬ್ರಿಟನ್, ಜರ್ಮನಿ, ಜಪಾನ್, ರಷ್ಯಾ ಮತ್ತು ಐರೋಪ್ಯ ಒಕ್ಕೂಟದಿಂದ ಮಾತ್ರ ತೆಗೆದುಕೊಳ್ಳುತ್ತೇವೆ. ಉಳಿದ 22 ದೇಶಗಳು ಕೊಡುವುದಿದ್ದರೆ ಸ್ವಯಂಸೇವಾ ಸಂಸ್ಥೆಗಳಿಗೆ, ವಿಶ್ವಸಂಸ್ಥೆಯ ಅಂಗಗಳಿಗೆ ಕೊಡಲಿ. ಆ 22ರಲ್ಲಿ ನಾರ್ವೆ, ಡೆನ್ಮಾರ್ಕ್, ಸ್ವೀಡನ್, ನೆದರ್ಲೆಂಡ್ಸ್ ಎಲ್ಲ ಇದ್ದವು. ಮರುವರ್ಷ ಹೊಸ ಸರ್ಕಾರ ಸ್ವಲ್ಪ ಸಡಿಲಿಸಿತು: ಜಿ-8 ದೇಶಗಳು ಬರಬಹುದು, ಐರೋಪ್ಯ ಒಕ್ಕೂಟದ ಇತರ ಸದಸ್ಯರು ವರ್ಷಕ್ಕೆ ಕನಿಷ್ಠ 2.5 ಕೋಟಿ ಡಾಲರ್ ಕೊಡುವುದಾದರೆ ಬರಬಹುದು. ನಾರ್ವೆ ಜಿ-8ರಲ್ಲೂ ಇಲ್ಲ, ಒಕ್ಕೂಟದಲ್ಲೂ ಇಲ್ಲ.

ಸಣ್ಣ ಸಣ್ಣ ಯೋಜನೆಗಳಿಗೆ ಕಡತ, ವರದಿ, ಭೇಟಿ ಎಲ್ಲವೂ ದೊಡ್ಡ ಯೋಜನೆಯಷ್ಟೇ ಆಗುತ್ತವೆ, ಆಡಳಿತಕ್ಕೆ ಹೊರೆ ಎಂಬುದು ಕೊಟ್ಟ ಕಾರಣ. ಸುಳ್ಳಲ್ಲ. ಆದರೆ ಅದೇ ಪೂರ್ತಿ ಕಾರಣವಾಗಿದ್ದರೆ ಈ ತೀರ್ಮಾನಕ್ಕೆ ಬಜೆಟ್ ಭಾಷಣದ ವೇದಿಕೆ ಬೇಕಿರಲಿಲ್ಲ. ಭಾರತ ತಾನು ಯಾರ ನೆರವಿಯಲ್ಲಿ ಕೂರುತ್ತೇನೆಂದು ಹೇಳುತ್ತಿತ್ತು. ದೊಡ್ಡವರಿಂದ ತೆಗೆದುಕೊಂಡರೆ ಅದು ದೊಡ್ಡವರ ನಡುವಿನ ವ್ಯವಹಾರ. 45 ಲಕ್ಷ ಜನರ ದೇಶದಿಂದ ತೆಗೆದುಕೊಂಡರೆ ತಾನು ಸಣ್ಣವನಾಗುತ್ತೇನೆ. ಐವತ್ತು ವರ್ಷದ ಹಿಂದೆ ನಾರ್ವೆ ಯಾವ ಲೆಕ್ಕ ಹಾಕಿ ಕೊಟ್ಟಿತೋ ಅದೇ ಲೆಕ್ಕ ಹಾಕಿ ಭಾರತ ಬೇಡವೆಂದಿತು. 2006ರಲ್ಲಿ ನಾರ್ವೆ ಮತ್ತೆ ಬಂತು, ಬಿಹಾರ, ಒಡಿಶಾ, ಮಧ್ಯಪ್ರದೇಶ, ರಾಜಸ್ಥಾನಗಳ ಶಿಶು ಆರೋಗ್ಯಕ್ಕೆ 50 ಕೋಟಿ ಕ್ರೋನರ್ ಹಿಡಿದುಕೊಂಡು. ಈ ಸಲ ಹೆಸರು ‘ಸಹಭಾಗಿತ್ವ’, ಹಣ ಬಂದದ್ದು ಹೆಚ್ಚಾಗಿ ವಿಶ್ವಸಂಸ್ಥೆಯ ಅಂಗಗಳ ಬಾಗಿಲಿನಿಂದ. ಪದ ಬದಲಾದರೆ ಬಾಗಿಲು ತೆರೆಯುತ್ತದೆಂಬುದು ಅಷ್ಟರಲ್ಲಿ ಇಬ್ಬರಿಗೂ ಗೊತ್ತಾಗಿತ್ತು. ಭಾರತವೂ ಇಂದು ಭೂತಾನ್, ನೇಪಾಳ, ಆಫ್ರಿಕಾಗಳಿಗೆ ಸಾವಿರಾರು ಕೋಟಿ ಕೊಡುತ್ತದೆ, 2012ರಲ್ಲಿ ಅದಕ್ಕೊಂದು ಪ್ರತ್ಯೇಕ ವಿಭಾಗವನ್ನೂ ವಿದೇಶಾಂಗ ಸಚಿವಾಲಯದಲ್ಲಿ ತೆರೆದಿದೆ. ಅಲ್ಲೂ ‘ಅಭಿವೃದ್ಧಿ ಸಹಭಾಗಿತ್ವ’ ಎಂಬ ಹೆಸರೇ.

2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ನಮ್ಮ ಪತ್ರಿಕೆಗಳು ‘ನೆರೆ’ ಮತ್ತು ‘ನೆರವು’ ಎರಡನ್ನೂ ಒಂದೇ ಸಾಲಿನಲ್ಲಿ ಅಚ್ಚು ಹಾಕಿದವು. ವಿಪತ್ತಿನ ಹೊತ್ತಿನಲ್ಲಿ ವಿದೇಶಿ ಸರ್ಕಾರಗಳ ನೆರವು ಬೇಡವೆಂಬ ನೀತಿಗೆ ಕೇಂದ್ರ ಅಂಟಿಕೊಂಡಿತು, ಅದರ ಸುತ್ತ ದೊಡ್ಡ ಜಗಳವೇ ನಡೆಯಿತು. ಅದೇ ದಿನಗಳಲ್ಲಿ ಕೊಲ್ಲಂ ಕರಾವಳಿಯ ಮೀನುಗಾರರು ದೋಣಿಗಳನ್ನು ಲಾರಿಗೇರಿಸಿಕೊಂಡು ಚೆಂಗನ್ನೂರಿನ ಕಡೆಗೆ ಹೋಗಿ, ಮನೆಗಳ ಮಹಡಿಯಿಂದ ಜನರನ್ನು ಇಳಿಸಿ ತಂದರು. ಸರ್ಕಾರ ದೋಣಿಗೆ ದಿನಕ್ಕೆ 3,000 ರೂಪಾಯಿ ಎಂದು ಘೋಷಿಸಿದಾಗ ಬೇಡವೆಂದವರೂ ಇದ್ದರು.

ಯೂರೋಪಿನಲ್ಲಿ ಪದ ಈಗ ತನ್ನ ಹಳೆಯ ಕಸುಬಿಗೆ ಮರಳಿದೆ. 2022ರ ನಂತರ ನೇಟೋ ದೇಶಗಳಲ್ಲಿ ನೆರವು ಎಂದರೆ ಮೊದಲು ನೆನಪಾಗುವುದು ಫಿರಂಗಿ. ಸುಮಾರು 13 ಲಕ್ಷ ಜನರ ಎಸ್ಟೋನಿಯಾ 2023ರ ಜನವರಿಯಲ್ಲಿ ತನ್ನಲ್ಲಿದ್ದ 155 ಮಿ.ಮೀ. ಹೊವಿಟ್ಜರ್‌ಗಳನ್ನೆಲ್ಲ ಉಕ್ರೇನಿಗೆ ಕೊಡುವುದಾಗಿ ಹೇಳಿತು. ಮರುವರ್ಷ ಡೆನ್ಮಾರ್ಕಿನ ಪ್ರಧಾನಿ ಮೆಟೆ ಫ್ರೆಡರಿಕ್ಸನ್ ತಮ್ಮ ದೇಶದ ಫಿರಂಗಿ ದಳದ ಎಲ್ಲವನ್ನೂ ಕೊಡುತ್ತಿದ್ದೇವೆಂದರು. ಆದಾಯದ ಪಾಲಿನ ಲೆಕ್ಕದಲ್ಲಿ ಇವರೇ ಮತ್ತೆ ಪಟ್ಟಿಯ ತುದಿಯಲ್ಲಿ, ಅದೇ ಶೇಕಡಾದ ಅಳತೆಗೋಲು. ಅನಿಲದ ಬೆಲೆ ಏರಿ ಯುದ್ಧದಿಂದಲೇ ಲಾಭ ಮಾಡಿಕೊಂಡಿತೆಂಬ ಮಾತು ಕೇಳಬೇಕಾಗಿ ಬಂದ ನಾರ್ವೆ, ಐದು ವರ್ಷಕ್ಕೆ 7,500 ಕೋಟಿ ಕ್ರೋನರಿನ ಯೋಜನೆಯನ್ನು 2023ರಲ್ಲಿ ಘೋಷಿಸಿ, 1921ರ ರಷ್ಯಾದ ಕ್ಷಾಮದಲ್ಲಿ ಅನ್ನ ಹೊತ್ತ ಫ್ರಿಟ್ಯೋಫ್ ನಾನ್ಸೆನ್ ಹೆಸರಿಟ್ಟಿತು. ಆಮೇಲೆ ಮೊತ್ತವನ್ನು ಇನ್ನೂ ಏರಿಸಿತು. ಅತ್ತ ದೊಡ್ಡವನ ಮನೆಯಲ್ಲಿ, 2025ರ ಜುಲೈನಲ್ಲಿ, ಅರವತ್ತು ವರ್ಷ ದಾಟಿದ ಅಮೆರಿಕದ ನೆರವು ಸಂಸ್ಥೆಗೆ ಬೀಗ ಬಿತ್ತು.

ಭಾರತ ಮತ್ತು ನಾರ್ವೆಯ ನಡುವಿನ ಕಾಗದಪತ್ರಗಳಲ್ಲಿ ಈಗ ಓಡಾಡುವ ಪದ ‘ಹೂಡಿಕೆ’. 2024ರ ಮಾರ್ಚ್ 10ರಂದು ನಾರ್ವೆ, ಸ್ವಿಟ್ಜರ್ಲೆಂಡ್, ಐಸ್‌ಲೆಂಡ್, ಲಿಕ್ಟೆನ್‌ಸ್ಟೈನ್ ಈ ನಾಲ್ಕು ದೇಶಗಳ ಕೂಟದ ಜೊತೆ ಭಾರತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಹದಿನೈದು ವರ್ಷದಲ್ಲಿ 10,000 ಕೋಟಿ ಡಾಲರ್ ಹೂಡಿಕೆ ತರುವುದು ಅದರ ಗುರಿ. 2025ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಅದರಡಿ ನಾರ್ವೆಯ ಮೀನಿನ ಮೇಲೆ ಭಾರತ ಹಾಕುವ ಸುಂಕವೂ ಹಂತಹಂತವಾಗಿ ಇಳಿಯಬೇಕು.